ಹಳೆಯ ಸೈಕಲ್ಲಿಗೆ ಹೊಸ ಬ್ರೇಕು: ಇಳಿಜಾರಿನ ಊರುಗಳಿಗೊಂದು ಪಾಠ

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಮಲೆನಾಡಿನ ಅನೇಕ ಮನೆಗಳ ಕೊಟ್ಟಿಗೆಯಲ್ಲಿ, ಅಡಿಕೆ ಹಾಳೆಯ ಕಟ್ಟುಗಳ ಹಿಂದೆ, ಇಂದಿಗೂ ಒಂದು ಹಳೆಯ ಸೈಕಲ್ ಗೋಡೆಗೊರಗಿ ನಿಂತಿರುತ್ತದೆ. ಕಪ್ಪು ಬಣ್ಣ, ಇಪ್ಪತ್ತೆಂಟು ಇಂಚಿನ ಗಾಲಿ, ಹ್ಯಾಂಡಲ್ಲಿನಿಂದ ಇಳಿಯುವ ಕಂಬಿಗಳ ಬ್ರೇಕು, ಹಿಂದೆ ಗಟ್ಟಿಮುಟ್ಟಾದ ಕ್ಯಾರಿಯರ್. ಹಾಲಿನ ಕ್ಯಾನು, ಸೊಸೈಟಿಯ ಅಕ್ಕಿ, ಗೊಬ್ಬರದ ಚೀಲ, ಶಾಲೆಯ ಮಕ್ಕಳು, ಎಲ್ಲವನ್ನೂ ಹೊತ್ತ ವಾಹನವದು. ಅದರ ಉಕ್ಕಿನ ಚೌಕಟ್ಟು ಸಾಮಾನ್ಯವಾಗಿ ಇನ್ನೂ ಸುಸ್ಥಿತಿಯಲ್ಲಿರುತ್ತದೆ. ಅದನ್ನು ಮೂಲೆಗೆ ತಳ್ಳಿದ್ದು ಬಹುಮಟ್ಟಿಗೆ ಒಂದೇ ದೋಷ: ಇಳಿಜಾರಿನಲ್ಲಿ, ಅದರಲ್ಲಿಯೂ ಮಳೆಯಲ್ಲಿ, ಅದು ನಿಲ್ಲುವುದಿಲ್ಲ.

ಆ ಚೌಕಟ್ಟನ್ನು ಗುಜರಿಗೆ ಹಾಕದೆ, ಅದಕ್ಕೆ ಇಂದಿನ ಕ್ಯಾಲಿಪರ್ ಬ್ರೇಕನ್ನು ಹೊಂದಿಸಿಕೊಳ್ಳುವ ಬಗೆ ಹೇಗೆ, ಎಲ್ಲಿ ಕೈಹಾಕಬಹುದು, ಎಲ್ಲಿ ಹಾಕಬಾರದು ಎಂಬುದೇ ಈ ಉಪನ್ಯಾಸದ ವಿಷಯ. ಕರಿಮೆಣಸಿಗೆ ಕಸಿ ಕಟ್ಟುವವರಿಗೆ ಇದು ಹೊಸ ವಿಚಾರವಲ್ಲ. ಬೇರು ಕೊಳೆಯದ ಹಿಪ್ಪಲಿಯ ಬುಡಕ್ಕೆ ಒಳ್ಳೆಯ ಇಳುವರಿಯ ಮೆಣಸಿನ ಬಳ್ಳಿಯನ್ನು ಕೂಡಿಸುವಾಗ ಬುಡವೂ ಕುಡಿಯೂ ಒಂದಕ್ಕೊಂದು ಒಪ್ಪುವ ಅಳತೆಯಲ್ಲಿರಬೇಕು. ಅಳತೆ ತಪ್ಪಿದ ಕಸಿ ಒಣಗುತ್ತದೆ, ನಷ್ಟ ಒಂದು ಬಳ್ಳಿಯದು. ಅಳತೆ ತಪ್ಪಿದ ಬ್ರೇಕಿನ ನಷ್ಟ ಮನುಷ್ಯನದು. ಆದ್ದರಿಂದ ಇಲ್ಲಿ ಅಳತೆಗೇ ಮೊದಲ ಸ್ಥಾನ.

ಇಳಿಜಾರಿನ ಲೆಕ್ಕ

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ರ‍್ಯಾಲೆ ಮುಂತಾದ ಕಾರ್ಖಾನೆಗಳ ಮಾದರಿಯಲ್ಲಿ ರೂಪುಗೊಂಡ ಈ ಸೈಕಲ್ ಸ್ವಾತಂತ್ರ್ಯಾನಂತರ ಭಾರತದಲ್ಲಿಯೇ ದೊಡ್ಡ ಪ್ರಮಾಣದಲ್ಲಿ ತಯಾರಾಯಿತು. ಮದ್ರಾಸಿನ ಅಂಬತ್ತೂರಿನಲ್ಲಿ 1949ರಲ್ಲಿ ಟಿ.ಐ. ಸೈಕಲ್ಸ್, ಸೋನಿಪತ್‌ನಲ್ಲಿ 1951ರಲ್ಲಿ ಅಟ್ಲಾಸ್, ಲೂಧಿಯಾನದಲ್ಲಿ 1956ರಲ್ಲಿ ಹೀರೋ, ಪಶ್ಚಿಮ ಬಂಗಾಳದ ಆಸನ್‌ಸೋಲ್‌ನಲ್ಲಿ ಸೆನ್-ರ‍್ಯಾಲೆ, ಹೀಗೆ ಕಾರ್ಖಾನೆಗಳು ಬೆಳೆದವು. ಬಯಲುಸೀಮೆಯ ಸಮತಟ್ಟಾದ ರಸ್ತೆಗೆ, ಭಾರ ಹೊರುವುದಕ್ಕೆ, ಕಡಿಮೆ ವೇಗಕ್ಕೆ ಈ ಮಾದರಿ ಸರಿಯಾಗಿಯೇ ಇತ್ತು. ಘಟ್ಟದ ಬೇಡಿಕೆ ಬೇರೆಯದು.

60 ಕಿಲೋ ತೂಕದ ಸವಾರ, 20 ಕಿಲೋದ ಸೈಕಲ್, 10 ಕಿಲೋದ ಹೊರೆ, ಒಟ್ಟು 90 ಕಿಲೋ ಎಂದಿಟ್ಟುಕೊಳ್ಳಬಹುದು. ಈ ಭಾರ 100 ಮೀಟರ್ ಎತ್ತರದಿಂದ ಕೆಳಗಿಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 88 ಕಿಲೋಜೂಲ್. ಕಾಲು ಲೀಟರ್ ನೀರನ್ನು 20 ಡಿಗ್ರಿಯಿಂದ ಕುದಿಯುವ ಬಿಸಿಗೆ ತರಲು ಬೇಕಾಗುವ ಶಕ್ತಿ ಇದು. ಗಾಳಿಯ ತಡೆ ಮತ್ತು ಟಯರಿನ ಘರ್ಷಣೆ ಇದರಲ್ಲಿ ಒಂದಷ್ಟನ್ನು ಹೀರಿಕೊಂಡರೆ, ಉಳಿದುದೆಲ್ಲವೂ ಹೆಬ್ಬೆರಳಿನಷ್ಟು ಉದ್ದದ ನಾಲ್ಕು ರಬ್ಬರ್ ತುಂಡುಗಳ ಹಾಗೂ ರಿಮ್ಮಿನ ಮೂಲಕವೇ ಶಾಖವಾಗಿ ಹೊರಹೋಗಬೇಕು. ನೂರಕ್ಕೆ ಹತ್ತರ ಇಳಿಜಾರಿನಲ್ಲಿ ಗಂಟೆಗೆ 20 ಕಿಲೋಮೀಟರ್ ವೇಗವನ್ನು ಏರದಂತೆ ಹಿಡಿದಿಡಲು ಬ್ರೇಕು ಪ್ರತಿ ಕ್ಷಣವೂ 400 ವಾಟ್‌ಗೆ ಸಮೀಪದ ಶಕ್ತಿಯನ್ನು ಕರಗಿಸುತ್ತಿರಬೇಕಾಗುತ್ತದೆ. ಆಗುಂಬೆಯ ಹದಿನಾಲ್ಕು ಹಿಮ್ಮುರಿ ತಿರುವುಗಳನ್ನು ಇಳಿಯುವವರಿಗೆ ಈ ಲೆಕ್ಕ ಕಾಗದದ ಮೇಲಿನದಲ್ಲ, ಬೆರಳುಗಳ ನೋವಿನಲ್ಲಿ ತಿಳಿಯುವಂಥದು.

ನಿಲ್ಲುವ ದೂರದ ಲೆಕ್ಕವೂ ತಿಳಿದಿರಬೇಕು. ಬ್ರೇಕು ಹಾಕಿದಾಗ ಭಾರ ಮುಂಗಾಲಿಯತ್ತ ಸರಿಯುತ್ತದೆ, ಹಿಂಗಾಲಿ ಹಗುರಾಗುತ್ತದೆ. ಆದ್ದರಿಂದ ಹಿಂಬ್ರೇಕು ಎಷ್ಟೇ ಬಲವಾಗಿದ್ದರೂ ಗುರುತ್ವ ವೇಗೋತ್ಕರ್ಷದ ಕಾಲು ಭಾಗಕ್ಕಿಂತ ಹೆಚ್ಚಿನ ತಡೆಯನ್ನು ಅದರಿಂದ ಪಡೆಯುವುದು ಕಷ್ಟ, ಗಾಲಿ ಜಾರತೊಡಗುತ್ತದೆ. ಒಳ್ಳೆಯ ಮುಂಬ್ರೇಕು ಅದರ ಎರಡು ಪಟ್ಟಿನವರೆಗೂ ಕೊಡಬಲ್ಲದು. ಸಮತಟ್ಟಾದ ಒಣ ರಸ್ತೆಯಲ್ಲಿ ಗಂಟೆಗೆ 20 ಕಿಲೋಮೀಟರ್ ವೇಗದಿಂದ ನಿಲ್ಲಲು ಹಿಂಬ್ರೇಕು ಮಾತ್ರವಿದ್ದರೆ ಸುಮಾರು 6 ಮೀಟರ್, ಮುಂಬ್ರೇಕೂ ಸರಿಯಾಗಿದ್ದರೆ ಸುಮಾರು 3 ಮೀಟರ್ ಸಾಕು. "ಮುಂದಿನ ಬ್ರೇಕು ಹಿಡಿದರೆ ಮಗುಚಿ ಬೀಳುತ್ತೇವೆ" ಎಂದು ಅದನ್ನು ಕಳಚಿಟ್ಟು ಓಡಾಡುವ ಅಭ್ಯಾಸ ಹಳ್ಳಿಗಳಲ್ಲಿ ಇದೆ. ಅಳತೆಯರಿತು ಹಿಡಿಯುವುದನ್ನು ಮಕ್ಕಳಿಗೆ ಕಲಿಸುವುದು ಕ್ಷೇಮವೇ ಹೊರತು ಕಳಚಿಡುವುದಲ್ಲ.

ಕಂಬಿ ಬ್ರೇಕಿನ ಗುಣ ಮತ್ತು ಮಿತಿ

ಹಳೆಯದನ್ನು ಸುಮ್ಮನೆ ಹಳಿಯುವುದು ನ್ಯಾಯವಲ್ಲ. ಕಂಬಿ ಬ್ರೇಕಿನಲ್ಲಿ ತುಕ್ಕು ಹಿಡಿದು ಬಿಗಿಯುವ ತಂತಿಯಿಲ್ಲ, ಕೊಡಲಿಯ ಪೆಟ್ಟಿಗೂ ಅಂಜದ ಕಟ್ಟುಮಸ್ತು ಅದಕ್ಕಿದೆ, ಹತ್ತಾರು ವರ್ಷ ಎಣ್ಣೆ ಕಾಣದೆಯೂ ಕೆಲಸ ಮಾಡಿದೆ. ಆದರೆ ಅದರ ರಬ್ಬರ್ ತುಂಡುಗಳು ರಿಮ್ಮಿನ ಪಕ್ಕಕ್ಕೆ ಒತ್ತುವುದಿಲ್ಲ. ಗಾಲಿಯ ನಡುವಿನತ್ತ ಮುಖಮಾಡಿದ ಒಳಮೈಗೆ, ಅಂದರೆ ಸ್ಪೋಕ್ ಕಡ್ಡಿಗಳು ನಾಟಿಕೊಂಡಿರುವ ಮೈಯ ಎರಡು ಅಂಚುಗಳಿಗೆ ಒತ್ತುತ್ತವೆ. ಇದಕ್ಕಾಗಿಯೇ ಆ ರಿಮ್ಮಿನ ಪಕ್ಕಗಳನ್ನು ದುಂಡಗೆ ಮಾಡಲಾಗಿದೆ. ವೆಸ್ಟ್‌ವುಡ್ ರಿಮ್ ಎಂಬುದು ಈ ಮಾದರಿಯ ಹೆಸರು. ಗಾಲಿ ಕೊಂಚ ಮೊಟ್ಟೆಯಾಕಾರಕ್ಕೆ ತಿರುಗಿದರೂ ಒಂದು ಸುತ್ತಿನಲ್ಲಿ ಬ್ರೇಕು ಒಂದೆಡೆ ಉಜ್ಜುತ್ತದೆ, ಇನ್ನೊಂದೆಡೆ ತಾಗುವುದೇ ಇಲ್ಲ. ಚೈನು ಬಿಗಿಮಾಡಲು ಹಿಂಗಾಲಿಯನ್ನು ಹಿಂದಕ್ಕೆ ಸರಿಸಿದಾಗಲೆಲ್ಲ ಹಿಂಬ್ರೇಕಿನ ಹೊಂದಾಣಿಕೆಯೂ ಕೆಡುತ್ತದೆ.

ಇದಕ್ಕಿಂತ ದೊಡ್ಡ ದೋಷ ಕ್ರೋಮಿಯಂ ಲೇಪದ ಉಕ್ಕಿನ ರಿಮ್ಮಿನದು. ಒಣಗಿದ್ದಾಗ ರಬ್ಬರು ಅದನ್ನು ಹಿಡಿಯುತ್ತದೆ; ಒದ್ದೆಯಾದಾಗ ಕನ್ನಡಿಯಂತಹ ಆ ಮೈಯ ಮೇಲೆ ನೀರಿನ ತೆಳುಪದರ ನಿಂತು ಹಿಡಿತ ಒಣಗಿದ್ದಾಗಿನ ಒಂದು ಸಣ್ಣ ಪಾಲಿಗೆ ಕುಸಿಯುತ್ತದೆ. ಅಮೆರಿಕದ ಎಂ.ಐ.ಟಿ.ಯ ಪ್ರಾಧ್ಯಾಪಕರಾಗಿದ್ದ ಡೇವಿಡ್ ಗಾರ್ಡನ್ ವಿಲ್ಸನ್ ಅವರು ಸೈಕಲ್ ವಿಜ್ಞಾನವನ್ನು ಕುರಿತ ತಮ್ಮ ಹೆಸರಾಂತ ಗ್ರಂಥದಲ್ಲಿ ಈ ಅಪಾಯವನ್ನು ವಿಶೇಷವಾಗಿ ಎತ್ತಿ ತೋರಿಸಿದ್ದಾರೆ. ಅಲ್ಯೂಮಿನಿಯಂ ರಿಮ್ಮಿನ ಮೇಲೆಯೂ ಮಳೆಯಲ್ಲಿ ಹಿಡಿತ ಕಡಿಮೆಯಾಗುತ್ತದೆ, ಆದರೆ ಗಾಲಿ ಕೆಲವು ಸುತ್ತು ತಿರುಗುವಷ್ಟರಲ್ಲಿ ರಬ್ಬರು ನೀರನ್ನು ಒರೆಸಿ ಮತ್ತೆ ಹಿಡಿಯುತ್ತದೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮಿಗಿಲಾದ ಮಳೆ ಬೀಳುವ ಆಗುಂಬೆಯಂತಹ ಸೀಮೆಯಲ್ಲಿ ಈ ವ್ಯತ್ಯಾಸವೇ ನಿರ್ಣಾಯಕ. ಇದರಿಂದ ಒಂದು ಮಾತು ಸ್ಪಷ್ಟ: ಬ್ರೇಕನ್ನು ಮಾತ್ರ ಬದಲಿಸಿ ಹಳೆಯ ರಿಮ್ಮನ್ನು ಉಳಿಸಿಕೊಂಡರೆ ಪ್ರಯೋಜನವಿಲ್ಲ. ದುಂಡುಪಕ್ಕದ ರಿಮ್ಮಿನ ಮೇಲೆ ಕ್ಯಾಲಿಪರಿನ ರಬ್ಬರು ಸರಿಯಾಗಿ ಕೂರುವುದೇ ಇಲ್ಲ.

ಮೊದಲು ಚೌಕಟ್ಟಿನ ಪರೀಕ್ಷೆ

ಹೊಸ ಸಾಮಾನು ಕೊಳ್ಳುವುದಕ್ಕೆ ಮುನ್ನ ಚೌಕಟ್ಟು ಅದಕ್ಕೆ ಯೋಗ್ಯವೇ ಎಂದು ನೋಡಬೇಕು. ಗಾಲಿಗಳನ್ನು ಕಳಚಿ, ಮಣ್ಣು ತೊಳೆದು, ಹಗಲಿನ ಬೆಳಕಿನಲ್ಲಿ ಮೂರು ಜಾಗಗಳನ್ನು ಪರೀಕ್ಷಿಸಬೇಕು: ಮುಂದಿನ ಫೋರ್ಕಿನ ಎರಡು ಕಾಲುಗಳು ಕೂಡುವ ನೆತ್ತಿ, ಹ್ಯಾಂಡಲ್ ಕೊಳವೆಯ ಕೆಳಸಂದು, ಹಿಂಗಾಲಿಯ ಮೇಲ್ಭಾಗದಲ್ಲಿ ಎರಡು ಕೊಳವೆಗಳ ನಡುವೆ ಇರುವ ಅಡ್ಡ ಸೇತುವೆ. ಬಣ್ಣದಲ್ಲಿ ಕೂದಲೆಳೆಯಂತಹ ಗೆರೆ, ಅದರ ಅಂಚಿನಲ್ಲಿ ತುಕ್ಕಿನ ಕಲೆ ಕಂಡರೆ ಬಣ್ಣ ಕೆರೆದು ನೋಡಬೇಕು. ಲೋಹದಲ್ಲಿಯೇ ಬಿರುಕಿದ್ದರೆ ಆ ಭಾಗ ಬ್ರೇಕಿಗೆ ಅನರ್ಹ. ಫೋರ್ಕನ್ನು ಪಕ್ಕದಿಂದ ನೋಡಿದಾಗ ಕಾಲುಗಳು ಹಿಂದಕ್ಕೆ ಬಾಗಿದಂತೆ ಕಂಡರೆ ಅದು ಎಂದೋ ಎಲ್ಲಿಗೋ ಗುದ್ದಿದ ಫೋರ್ಕು. ಅದನ್ನು ಬಡಿದು ನೇರಮಾಡಿ ಬಳಸುವುದಕ್ಕಿಂತ ಬೇರೆಯದನ್ನು ಹಾಕುವುದು ಲೇಸು. ಹಿಂಬದಿಯ ಕೊಳವೆಗಳ ಒಳಗೆ ನೀರು ನಿಂತು ತುಕ್ಕು ತಿಂದಿದ್ದರೆ ಕೀಲಿಯ ತುದಿಯಿಂದ ತಟ್ಟಿದಾಗ ಗಟ್ಟಿಯಾದ ನಾದದ ಬದಲು ಬೊದ್ದು ಸದ್ದು ಕೇಳುತ್ತದೆ.

ಗಾಲಿಯ ಆಯ್ಕೆ

ಗಾಲಿಗಳ ವಿಷಯದಲ್ಲಿ ಹೆಸರನ್ನು ನಂಬುವಂತಿಲ್ಲ, ಅಳತೆಯನ್ನೇ ನಂಬಬೇಕು. ಹಳೆಯ 28×1½ ಇಂಚಿನ ಟಯರು ಕೂರುವ ಜಾಗದಲ್ಲಿ ರಿಮ್ಮಿನ ವ್ಯಾಸ 635 ಮಿ.ಮೀ. ಒಂದು ಕಾಲದ ಸ್ಪೋರ್ಟ್ಸ್ ಮಾದರಿಯ 27×1¼ ಎಂಬುದರದು 630 ಮಿ.ಮೀ. ಇಂದು ಎಲ್ಲೆಡೆ ದೊರೆಯುವ 700-ಸಿ ಎಂಬುದರದು 622 ಮಿ.ಮೀ. ಇಪ್ಪತ್ತಾರು ಇಂಚು ಎಂಬ ಒಂದೇ ಹೆಸರಿನಲ್ಲಿಯೂ 26×1⅜ರ ವ್ಯಾಸ 590 ಮಿ.ಮೀ., ದಪ್ಪ ಟಯರಿನ ಗುಡ್ಡದ ಸೈಕಲ್ಲಿನದು 559 ಮಿ.ಮೀ. ಈ ಸಂಖ್ಯೆ ಟಯರಿನ ಪಕ್ಕದಲ್ಲಿ 37-622 ಎಂಬಂತಹ ಬರಹದ ಎರಡನೆಯ ಭಾಗವಾಗಿ ಅಚ್ಚಾಗಿರುತ್ತದೆ. ವಿದ್ಯಾರ್ಥಿಗಳು ತಮ್ಮ ಮನೆಯ ಸೈಕಲ್ಲುಗಳ ಈ ಸಂಖ್ಯೆಯನ್ನು ಓದಿ ಬರೆದುಕೊಳ್ಳುವುದೇ ಈ ಪಾಠದ ಮೊದಲ ಅಭ್ಯಾಸ.

ಹಳೆಯ ಚೌಕಟ್ಟಿಗೆ 622ರ ಚಪ್ಪಟೆ ಪಕ್ಕದ ಅಲ್ಯೂಮಿನಿಯಂ ರಿಮ್ಮು ಅನುಕೂಲ, ಏಕೆಂದರೆ ಟಯರು ಟ್ಯೂಬುಗಳು ಸುಲಭವಾಗಿ ದೊರೆಯುತ್ತವೆ. ವ್ಯಾಸದಲ್ಲಿ 13 ಮಿ.ಮೀ. ಕಡಿಮೆಯಾಗುವುದರಿಂದ ರಿಮ್ಮಿನ ಅಂಚು 6.5 ಮಿ.ಮೀ. ಕೆಳಗೆ ಹೋಗುತ್ತದೆ ಎಂಬುದನ್ನು ಮಾತ್ರ ನೆನಪಿಡಬೇಕು, ಮುಂದಿನ ಲೆಕ್ಕಕ್ಕೆ ಅದು ಬೇಕು. ಹಳೆಯ ಹಬ್ಬುಗಳಲ್ಲಿ ಮುಂದೆ 32, ಹಿಂದೆ 40 ಕಡ್ಡಿಗಳಿರುವುದು ವಾಡಿಕೆ. 40 ರಂಧ್ರದ ಹೊಸ ರಿಮ್ಮು ಸಿಗುವುದು ಕಷ್ಟವಾದ್ದರಿಂದ ಹಿಂದಿನ ಹಬ್ಬನ್ನೂ ಬದಲಿಸಬೇಕಾದೀತು. ಆಗ ಗೇರುಗಳ ಅಗಲವಾದ ಹಬ್ಬನ್ನು ತಂದು ಚೌಕಟ್ಟಿನ ಕಾಲುಗಳನ್ನು ಎಳೆದು ಅಗಲಿಸುವುದಕ್ಕಿಂತ, ಒಂದೇ ಚಕ್ರದ ಕಿರಿದಾದ ಹಬ್ಬನ್ನು ಆರಿಸುವುದು ಹಳೆಯ ಕೊಳವೆಗಳಿಗೆ ಒಳ್ಳೆಯದು. ರಿಮ್ಮು ಬದಲಾದರೆ ಕಡ್ಡಿಗಳ ಉದ್ದವೂ ಬದಲಾಗುತ್ತದೆ. ಹಳೆಯ ಕಡ್ಡಿಗಳನ್ನೇ ತುಂಡರಿಸಿ ಹಾಕುವ ಉಳಿತಾಯ ಬೇಡ.

ಕ್ಯಾಲಿಪರಿನ ಕೈಯುದ್ದ

ಇಡೀ ಕಾರ್ಯದ ಮರ್ಮ ಇಲ್ಲಿದೆ. ಕ್ಯಾಲಿಪರ್ ಎಂಬುದು ನಡುವಿನ ಬೋಲ್ಟಿನಿಂದ ತೂಗುವ ಇಕ್ಕುಳ. ಬೋಲ್ಟಿನ ನಡುವಿನಿಂದ ರಬ್ಬರಿನ ನಡುವಿನವರೆಗಿನ ಅಂತರವೇ ಅದರ ಕೈಯುದ್ದ. ರಬ್ಬರನ್ನು ಸೀಳಿನಲ್ಲಿ ಮೇಲೆ ಕೆಳಗೆ ಸರಿಸಬಹುದಾದ್ದರಿಂದ ಪ್ರತಿಯೊಂದು ಮಾದರಿಗೂ ಒಂದು ಕನಿಷ್ಠ, ಒಂದು ಗರಿಷ್ಠ ಅಳತೆ ಇರುತ್ತದೆ. ಓಟದ ಸೈಕಲ್ಲುಗಳ ಇಂದಿನ ಕ್ಯಾಲಿಪರುಗಳದು ಸುಮಾರು 39ರಿಂದ 49 ಮಿ.ಮೀ. ನಡುತರದವು 47ರಿಂದ 57. ಉದ್ದ ಕೈಯವು 55ರಿಂದ 73. ಮಡ್‌ಗಾರ್ಡಿಗೆ, ದಪ್ಪ ಟಯರಿಗೆ ಸಾಕಷ್ಟು ಜಾಗ ಬಿಟ್ಟು ಕಟ್ಟಿದ ಹಳೆಯ ಚೌಕಟ್ಟುಗಳಿಗೆ ಮೊದಲೆರಡು ಮಾದರಿಗಳು ಎಟುಕುವುದೇ ಇಲ್ಲ.

ಅಳೆಯುವ ಕ್ರಮ ಹೀಗೆ. ಹೊಸ ಗಾಲಿಯನ್ನು ಹಾಕಿ, ಗಾಳಿ ತುಂಬಿ, ನಟ್ಟುಗಳನ್ನು ಬಿಗಿದು ಗಾಲಿ ಸರಿಯಾಗಿ ನಡುವೆ ನಿಂತಿದೆಯೇ ನೋಡಬೇಕು. ಬಳಿಕ ಫೋರ್ಕಿನ ನೆತ್ತಿಯ ರಂಧ್ರದ ನಡುವಿನಿಂದ ನೇರವಾಗಿ ಕೆಳಗೆ ರಿಮ್ಮಿನ ಚಪ್ಪಟೆ ಪಕ್ಕದ ನಡುಗೆರೆಯವರೆಗೆ ಅಳೆಯಬೇಕು. ಹಿಂಬದಿಯಲ್ಲಿ ಅಡ್ಡ ಸೇತುವೆಯ ನಡುವಿನಿಂದ ಇದೇ ರೀತಿ. ಚೈನು ಬಿಗಿಮಾಡಲು ಹಿಂಗಾಲಿ ಸರಿಯುವುದರಿಂದ ಗಾಲಿಯನ್ನು ಪೂರ್ತಿ ಮುಂದಿಟ್ಟು ಒಮ್ಮೆ, ಪೂರ್ತಿ ಹಿಂದಿಟ್ಟು ಒಮ್ಮೆ ಅಳೆದು, ಎರಡೂ ಕ್ಯಾಲಿಪರಿನ ಮಿತಿಯೊಳಗೆ ಬರುತ್ತವೆಯೇ ನೋಡಬೇಕು. ಉದಾಹರಣೆಗೆ ಮುಂದೆ 68 ಮಿ.ಮೀ. ಬಂದರೆ 55–73ರ ಕ್ಯಾಲಿಪರ್ ಹೊಂದುತ್ತದೆ. 78 ಬಂದರೆ ಹೊಂದುವುದಿಲ್ಲ. ಗರಿಷ್ಠಕ್ಕಿಂತ ಒಂದೆರಡು ಮಿಲಿಮೀಟರ್ ಮಾತ್ರ ತಾನೇ ಎಂದು ಸೀಳನ್ನು ಅರದಿಂದ ಉಜ್ಜಿ ಉದ್ದಮಾಡುವ ಜಾಣತನ ಸಲ್ಲದು.

ಕೈ ಉದ್ದವಾದಷ್ಟೂ ಹಿಡಿತ ಕಡಿಮೆಯಾಗುತ್ತದೆ ಎಂಬ ಸಂಗತಿಯೂ ಇದೆ. ಇದು ಸನ್ನೆಗೋಲಿನ ನಿಯಮ. ಏಕಕೀಲಿನ ಕ್ಯಾಲಿಪರಿನಲ್ಲಿ ತಂತಿ ಎಳೆಯುವ ತೋಳು 50 ಮಿ.ಮೀ., ರಬ್ಬರಿನ ತೋಳೂ 50 ಮಿ.ಮೀ. ಇದ್ದರೆ ಎಳೆದ ಬಲವೇ ರಬ್ಬರಿಗೆ ತಲುಪುತ್ತದೆ. ರಬ್ಬರಿನ ತೋಳು 75 ಮಿ.ಮೀ. ಆದರೆ ತಲುಪುವುದು ಮೂರರಲ್ಲಿ ಎರಡು ಪಾಲು ಮಾತ್ರ, ಜೊತೆಗೆ ತೋಳು ಬಾಗುವುದರಿಂದ ಇನ್ನಷ್ಟು ನಷ್ಟ. ತಗಡನ್ನು ಒತ್ತಿ ಮಾಡಿದ ಅಗ್ಗದ ಉದ್ದ ಕೈಯ ಕ್ಯಾಲಿಪರುಗಳು ಮಕ್ಕಳ ಕೈಯಲ್ಲಿ ಸೋಲುವುದು ಈ ಕಾರಣಕ್ಕೆ. 1990ರ ದಶಕದಲ್ಲಿ ವ್ಯಾಪಕವಾದ ದ್ವಿಕೀಲು ಕ್ಯಾಲಿಪರಿನಲ್ಲಿ ಎರಡು ತೋಳುಗಳಿಗೆ ಪ್ರತ್ಯೇಕ ಕೀಲುಗಳಿದ್ದು, ತಂತಿಯ ಎಳೆತಕ್ಕೆ ಹೆಚ್ಚಿನ ಒತ್ತಡ ದೊರೆಯುತ್ತದೆ. ಉದ್ದ ಕೈ ಅನಿವಾರ್ಯವಾದಲ್ಲಿ ದ್ವಿಕೀಲಿನದನ್ನೇ ಆರಿಸುವುದು ಉಚಿತ.

ರಂಧ್ರದ ವಿಚಾರ

ಹಳೆಯ ಕ್ಯಾಲಿಪರುಗಳ ಬೋಲ್ಟು ಫೋರ್ಕಿನ ನೆತ್ತಿಯನ್ನು ಪೂರ್ತಿ ಹಾದುಹೋಗಿ ಹಿಂದೆ ಸಾದಾ ನಟ್ಟಿನಿಂದ ಬಿಗಿಯಲ್ಪಡುತ್ತಿತ್ತು. ಅದಕ್ಕೆ ಸುಮಾರು 6 ಮಿ.ಮೀ. ರಂಧ್ರ ಸಾಕು. ಇಂದಿನ ಬಹುತೇಕ ಕ್ಯಾಲಿಪರುಗಳ ಬೋಲ್ಟು ಗಿಡ್ಡ. ಕೊಳವೆಯಾಕಾರದ ನಟ್ಟೊಂದು ಹಿಂದಿನಿಂದ ರಂಧ್ರದೊಳಕ್ಕೆ ತೂರಿ ಅದನ್ನು ಹಿಡಿಯುತ್ತದೆ. ಅದನ್ನು ಆರು ಮೂಲೆಯ ಎಲೆನ್ ಕೀಲಿಯಿಂದ ಬಿಗಿಯಬೇಕು. ಈ ನಟ್ಟು ತೂರಲು ಹಿಂಬದಿಯ ಗೋಡೆಯಲ್ಲಿ 8 ಮಿ.ಮೀ. ರಂಧ್ರ ಬೇಕು. ಚೌಕಟ್ಟಿನ ಮಾರ್ಪಾಡು ಎಂದರೆ ಮುಖ್ಯವಾಗಿ ಇಷ್ಟೇ: ಆರನ್ನು ಎಂಟು ಮಾಡುವುದು. ಆದರೆ ತಪ್ಪುವುದೂ ಇಲ್ಲಿಯೇ.

ಮೊದಲು, ಸಾದಾ ನಟ್ಟಿನ ಮಾದರಿಯ ಕ್ಯಾಲಿಪರ್ ದೊರೆಯುತ್ತದೆಯೇ ಎಂದು ವಿಚಾರಿಸಬೇಕು. ದೊರೆತರೆ ಚೌಕಟ್ಟನ್ನು ಮುಟ್ಟುವುದೇ ಬೇಡ. ದೊರೆಯದಿದ್ದಲ್ಲಿ ಫೋರ್ಕಿನ ನೆತ್ತಿಯ ಹಿಂಬದಿಯ ಗೋಡೆಯನ್ನು ಮಾತ್ರ 8 ಮಿ.ಮೀ.ಗೆ ಹಿಗ್ಗಿಸಬೇಕು, ಮುಂಬದಿಯ ಗೋಡೆ ಆರರಲ್ಲಿಯೇ ಉಳಿಯಬೇಕು. ಎರಡನ್ನೂ ಹಿಗ್ಗಿಸಿದರೆ ಬೋಲ್ಟು ಮುಂದೆ ಸಡಿಲವಾಗಿ ನಿಂತು, ಬ್ರೇಕು ಹಿಡಿದಾಗಲೆಲ್ಲ ಅಲುಗಾಡಿ ರಂಧ್ರವನ್ನು ಅಂಡಾಕಾರವಾಗಿ ತಿನ್ನುತ್ತದೆ. ಫೋರ್ಕನ್ನು ಚೌಕಟ್ಟಿನಿಂದ ಬಿಚ್ಚಿ, ಮರದ ತುಂಡುಗಳ ನಡುವೆ ವೈಸಿನಲ್ಲಿ ಹಿಡಿದು, 6.5, 7, 7.5, 8 ಎಂದು ಹಂತ ಹಂತವಾಗಿ, ನಿಧಾನ ವೇಗದಲ್ಲಿ, ಎಣ್ಣೆ ಹನಿಸುತ್ತ ಕೊರೆಯಬೇಕು. ಬೈರಿಗೆಯ ಅಲಗಿಗೆ ಒಂದು ಸುತ್ತು ಟೇಪು ಅಂಟಿಸಿದರೆ ಆಳದ ಗುರುತು ಸಿಗುತ್ತದೆ. ಕೊರೆದ ಅಂಚನ್ನು ನಯಗೊಳಿಸಿ, ಬೆತ್ತಲಾದ ಉಕ್ಕಿಗೆ ಕೂಡಲೇ ಬಣ್ಣ ಹಚ್ಚಬೇಕು. ಆಷಾಢದ ತೇವಕ್ಕೆ ಒಂದು ವಾರ ಸಾಕು, ತುಕ್ಕು ಮೂಡುತ್ತದೆ.

ನಟ್ಟಿನೊಳಗೆ ಬೋಲ್ಟಿನ ಮರೆಯು ಕನಿಷ್ಠ ಆರು ಪೂರ್ಣ ಸುತ್ತು ಹಿಡಿಯಬೇಕು. ಇದರ ಮರೆಯ ಅಂತರ 1 ಮಿ.ಮೀ. ಆದ್ದರಿಂದ ಆರು ಸುತ್ತೆಂದರೆ 6 ಮಿ.ಮೀ., ಬೋಲ್ಟಿನ ದಪ್ಪಕ್ಕೆ ಸಮ. ನಾಲ್ಕು ಸುತ್ತಿಗೇ ಬಿಗಿಯಾಯಿತೆಂದು ಬಿಟ್ಟರೆ, ಆ ಬಿಗಿ ಒಂದು ದಿನ ಇಳಿಜಾರಿನಲ್ಲಿ ಕಳಚುತ್ತದೆ. ನಟ್ಟುಗಳು ಬೇರೆ ಬೇರೆ ಉದ್ದದಲ್ಲಿ ದೊರೆಯುತ್ತವೆ, ತಕ್ಕುದನ್ನು ಆರಿಸಬೇಕು. ದುಂಡಾದ ನೆತ್ತಿಯ ಮೇಲೆ ಚಪ್ಪಟೆ ವಾಷರ್ ಕೂರುವುದಿಲ್ಲ; ಕಮಾನಿನಾಕಾರದ ವಾಷರನ್ನೇ ಹಾಕಬೇಕು.

ಕೆಲವು ಹಳೆಯ ಫೋರ್ಕುಗಳ ನೆತ್ತಿಯಲ್ಲಿ ಹಿಂದೆ ಮುಂದೆ ಹಾಯುವ ರಂಧ್ರವೇ ಇರುವುದಿಲ್ಲ. ಅಲ್ಲಿ ಹೊಸದಾಗಿ ಕೊರೆಯುವ ಬದಲು, ರಂಧ್ರವಿರುವ ಬೇರೆ ಉಕ್ಕಿನ ಫೋರ್ಕನ್ನೇ ಹಾಕುವುದು ಕ್ಷೇಮಕರ. ಬ್ರೇಕು ಹಿಡಿದಾಗ ಫೋರ್ಕಿನ ಮೇಲೆ ಬೀಳುವ ಬಾಗುವಿಕೆಯೆಲ್ಲ ಬಂದು ಸೇರುವುದು ಆ ನೆತ್ತಿಯಲ್ಲಿಯೇ. ಅಂದಾಜಿನಿಂದ, ಓರೆಯಾಗಿ ಕೊರೆದ ರಂಧ್ರ ಬಿರುಕಿಗೆ ಬೀಜ ಬಿತ್ತಿದಂತೆ. ಬೇರೆ ಫೋರ್ಕನ್ನು ಆರಿಸುವಾಗ ಮೇಲಿನ ಕೊಳವೆಯ ಉದ್ದ, ದಪ್ಪ, ಮರೆ ಮೂರೂ ಹಳೆಯದಕ್ಕೆ ಹೊಂದಬೇಕು.

ಹಿಂಬದಿಯ ಸೇತುವೆಯ ತೊಡಕು ಬೇರೆ. ಅಲ್ಲಿ ನಟ್ಟು ತೂರಬೇಕಾದದ್ದು ಸೇತುವೆಯ ಮುಂಬದಿಯಿಂದ; ಆದರೆ ಸೀಟಿನ ಕೊಳವೆ ಅಡ್ಡವಿರುವುದರಿಂದ ಬೈರಿಗೆ ನೇರವಾಗಿ ನಿಲ್ಲುವುದಿಲ್ಲ. ಇದಕ್ಕೆ ಸರಳ ಉಪಾಯವಿದೆ. ಮುಂಗಾಲಿಗೆಂದು ಮಾಡಿದ ಕ್ಯಾಲಿಪರಿನ ಬೋಲ್ಟು ಹಿಂಗಾಲಿನದಕ್ಕಿಂತ ಉದ್ದ. ಹಿಂದೆಯೂ ಮುಂಬದಿಯ ಕ್ಯಾಲಿಪರನ್ನೇ ಹಾಕಿದರೆ ಬೋಲ್ಟು ತೆಳುವಾದ ಸೇತುವೆಯನ್ನು 6 ಮಿ.ಮೀ. ರಂಧ್ರದಲ್ಲಿಯೇ ಹಾದು ಆಚೆ ಬರುತ್ತದೆ. ಎರಡೂ ಕಡೆ ಕಮಾನಿನ ವಾಷರ್ ಇಟ್ಟು, ಒಳಗೆ ನೈಲಾನ್ ಬಳೆಯಿರುವ 6 ಮಿ.ಮೀ. ನಟ್ಟಿನಿಂದ ಬಿಗಿದರೆ ಮುಗಿಯಿತು. ಮಡ್‌ಗಾರ್ಡಿನ ತಗಡನ್ನೂ ಅದೇ ಬೋಲ್ಟಿಗೆ ಸೇರಿಸಬಹುದು.

ಹಿಡಿಕೆ ಮತ್ತು ತಂತಿ

ಕಂಬಿ ಬ್ರೇಕಿನ ಹಿಡಿಕೆಗಳು ಹ್ಯಾಂಡಲ್ಲಿಗೇ ಸೇರಿದವಾದ್ದರಿಂದ ಹ್ಯಾಂಡಲ್ ಕೂಡ ಬದಲಾಗಬೇಕು. ಹಿಡಿಕೆ ಕೊಳ್ಳುವಾಗ ಅದು ಎಷ್ಟು ತಂತಿಯನ್ನು ಎಳೆಯುತ್ತದೆ ಎಂಬುದು ಮುಖ್ಯ. ಉದ್ದ ತೋಳಿನ ವಿ-ಬ್ರೇಕಿಗೆಂದು ಮಾಡಿದ ಹಿಡಿಕೆ ಹೆಚ್ಚು ತಂತಿಯನ್ನು ಕಡಿಮೆ ಬಲದಿಂದ ಎಳೆಯುತ್ತದೆ. ಅದನ್ನು ಕ್ಯಾಲಿಪರಿಗೆ ಜೋಡಿಸಿದರೆ ಹಿಡಿಕೆ ಕಲ್ಲಿನಂತೆ ಗಟ್ಟಿಯೆನಿಸುತ್ತದೆ, ಗಾಲಿ ಮಾತ್ರ ನಿಲ್ಲುವುದಿಲ್ಲ. ಕ್ಯಾಲಿಪರಿಗೆ ಕ್ಯಾಲಿಪರಿನ ಹಿಡಿಕೆಯೇ ಬೇಕು.

ಒಳಗೊಂದು ತಂತಿ, ಹೊರಗೊಂದು ಸುರುಳಿ ಕವಚ ಎಂಬ ಈ ಏರ್ಪಾಟಿಗೆ ಅರ್ನೆಸ್ಟ್ ಬೌಡನ್ ಪೇಟೆಂಟ್ ಪಡೆದದ್ದು 1896ರಲ್ಲಿ. ಅದರ ಶತ್ರುಗಳು ಎರಡು: ಚೂಪಾದ ತಿರುವು ಮತ್ತು ನೀರು. ಕವಚವನ್ನು ದೊಡ್ಡ ಬಾಗಿನಲ್ಲಿ ಒಯ್ಯಬೇಕು. ಹಿಂಬ್ರೇಕಿನ ತಂತಿಯನ್ನು ಹಿಡಿಯಲು ಮೇಲ್ಕೊಳವೆಗೆ ಕೊಂಡಿಗಳನ್ನು ಬೆಸೆಯುವ ಅಗತ್ಯವಿಲ್ಲ, ತಿರುಪಿನಿಂದ ಬಿಗಿಯುವ ಪಟ್ಟಿಗಳು ಸಾಕು. ಕ್ಯಾಲಿಪರಿಗೆ ಸೇರುವ ಮುನ್ನ ಕವಚ ಕೊಂಚ ಕೆಳಗಿಳಿದು ಮತ್ತೆ ಮೇಲೇರುವಂತೆ ಬಿಟ್ಟರೆ ಮಳೆಯ ನೀರು ಆ ತಗ್ಗಿನಲ್ಲಿಯೇ ತೊಟ್ಟಿಕ್ಕಿ ಹೋಗುತ್ತದೆ. ಪ್ರತಿ ಮುಂಗಾರಿಗೆ ಮೊದಲು ತಂತಿಯನ್ನು ಎಳೆದು ತೆಗೆದು ಒರೆಸಿ ಗ್ರೀಸು ಸವರಬೇಕು. ಒಂದು ಎಳೆ ತುಂಡಾಗಿ ಕಂಡರೂ ತಂತಿಯನ್ನು ಬದಲಿಸಬೇಕು.

ರಬ್ಬರು ಮತ್ತು ಪರೀಕ್ಷೆ

ರಬ್ಬರು ರಿಮ್ಮಿನ ಚಪ್ಪಟೆ ಪಕ್ಕದ ಮೇಲೆ ಪೂರ್ತಿಯಾಗಿ ಕೂರಬೇಕು. ಮೇಲಕ್ಕೆ ಹೋಗಿ ಟಯರಿಗೆ ತಾಗಿದರೆ ಟಯರಿನ ಪಕ್ಕ ಸವೆದು ಒಮ್ಮೆಲೇ ಒಡೆಯುತ್ತದೆ. ಕೆಳಕ್ಕೆ ಜಾರಿದರೆ ಕಡ್ಡಿಗಳಿಗೆ ಸಿಕ್ಕಿ ಗಾಲಿ ಹಠಾತ್ತಾಗಿ ಕಟ್ಟಿಕೊಳ್ಳುತ್ತದೆ. ರಬ್ಬರಿನ ಮುಂತುದಿ ಹಿಂತುದಿಗಿಂತ ಸುಮಾರು 1 ಮಿ.ಮೀ. ಮೊದಲು ತಾಗುವಂತೆ ಇಟ್ಟರೆ ಕಿರುಚುವ ಸದ್ದು ಕಡಿಮೆಯಾಗುತ್ತದೆ. ರಬ್ಬರು ಕೂರುವ ತಗಡಿನ ಪೆಟ್ಟಿಗೆಯ ಒಂದು ತುದಿ ತೆರೆದಿದ್ದರೆ, ಮುಚ್ಚಿದ ತುದಿಯೇ ಮುಂದಕ್ಕಿರಬೇಕು. ತಿರುವುಮುರುವಾದರೆ ಗಾಲಿಯ ಓಟಕ್ಕೆ ರಬ್ಬರು ಪೆಟ್ಟಿಗೆಯಿಂದ ಹೊರಜಾರಿ ಬಿದ್ದುಹೋಗುತ್ತದೆ. ಇದು ಅತಿ ಚಿಕ್ಕ ತಪ್ಪು, ಅತಿ ದೊಡ್ಡ ಅಪಾಯ.

ಪರೀಕ್ಷೆಯನ್ನು ಘಟ್ಟದ ರಸ್ತೆಯಲ್ಲಿ ಆರಂಭಿಸಬಾರದು. ಮೊದಲು ನಿಂತಲ್ಲಿಯೇ ಎರಡೂ ಹಿಡಿಕೆಗಳನ್ನು ಶಕ್ತಿಮೀರಿ ಹತ್ತು ಬಾರಿ ಒತ್ತಬೇಕು. ತಂತಿ ಜಾರುವುದಿದ್ದರೆ ಇಲ್ಲಿಯೇ ಜಾರಲಿ. ಬಳಿಕ ಮುಂಬ್ರೇಕು ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಅಲುಗಿಸಿ, ಕ್ಯಾಲಿಪರಿನ ಬುಡದಲ್ಲಿ ಕಟಕಟ ಸದ್ದಿದೆಯೇ ಕೇಳಬೇಕು. ಅನಂತರ ಅಂಗಳದಲ್ಲಿ, ಅನಂತರ ಸಣ್ಣ ಇಳಿಜಾರಿನಲ್ಲಿ, ಕೊನೆಗೆ ಗಾಲಿಗೆ ನೀರು ಸುರಿದು. ಹತ್ತು ದಿನ ಓಡಿಸಿದ ಮೇಲೆ ಎಲ್ಲ ನಟ್ಟುಗಳನ್ನೂ ಮತ್ತೊಮ್ಮೆ ಬಿಗಿಮಾಡಬೇಕು. ಜಂಬಿಟ್ಟಿಗೆ ಮಣ್ಣಿನ ಹುಡಿ ರಬ್ಬರಿನಲ್ಲಿ ಹುದುಗಿ ಅಲ್ಯೂಮಿನಿಯಂ ರಿಮ್ಮನ್ನು ಅರದಂತೆ ಉಜ್ಜುತ್ತದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಆ ಹರಳುಗಳನ್ನು ಚಾಕುವಿನ ತುದಿಯಿಂದ ಕಿತ್ತು ತೆಗೆಯಬೇಕು. ರಿಮ್ಮಿನ ಪಕ್ಕ ಬೆರಳಿಗೆ ತಗ್ಗಾಗಿ ತಾಗಿದರೆ ಅದರ ಆಯುಷ್ಯ ಮುಗಿದಂತೆ.

ಮಾಡಬಾರದ ಕೆಲಸ

ಇತ್ತೀಚೆಗೆ ಹಳೆಯ ಫೋರ್ಕಿಗೆ ಡಿಸ್ಕ್ ಬ್ರೇಕಿನ ಹಿಡಿಯನ್ನು ಬೆಸೆದುಕೊಳ್ಳುವ ಉತ್ಸಾಹ ತರುಣರಲ್ಲಿ ಕಾಣುತ್ತದೆ. ಇದು ಏಕೆ ಸಲ್ಲದೆಂಬುದಕ್ಕೂ ಲೆಕ್ಕವಿದೆ. ನೆಲ ಮತ್ತು ಟಯರಿನ ನಡುವೆ 300 ನ್ಯೂಟನ್ ತಡೆ ಬೇಕೆಂದುಕೊಂಡರೆ, ಗಾಲಿಯ ತ್ರಿಜ್ಯ 340 ಮಿ.ಮೀ. ಇರುವಾಗ, ರಿಮ್ಮಿನಲ್ಲಿ ಹಿಡಿಯುವ ಬ್ರೇಕಿನ ಮೇಲೆ ಬೀಳುವ ಎಳೆತ ಸುಮಾರು 330 ನ್ಯೂಟನ್. ಅದನ್ನು ಹೊರುವುದು ಗಟ್ಟಿಯಾದ ನೆತ್ತಿ. 160 ಮಿ.ಮೀ. ತಟ್ಟೆಯ ಡಿಸ್ಕ್ ಬ್ರೇಕು ಹಿಡಿಯುವುದು ನಡುವಿನಿಂದ 80 ಮಿ.ಮೀ.ಗಿಂತ ಒಳಗೆ. ಆದ್ದರಿಂದ ಅಲ್ಲಿನ ಎಳೆತ ನಾಲ್ಕು ಪಟ್ಟಿಗೂ ಮಿಗಿಲು, 1,300 ನ್ಯೂಟನ್‌ಗೆ ಸಮೀಪ ಅಥವಾ ಅದಕ್ಕೂ ಹೆಚ್ಚು. ಅದನ್ನು ಒಂದೇ ಕಾಲಿನ ತೆಳುವಾದ ಕೆಳತುದಿ ಹೊರಬೇಕು. ಆ ಕಾಲನ್ನು ಅದಕ್ಕಾಗಿ ಮಾಡಿದ್ದಲ್ಲ. ಹಿತ್ತಾಳೆ ಬೆಸುಗೆಯಿಂದ ಕೂಡಿಸಿದ ತೆಳುಗೋಡೆಯ ಕೊಳವೆಗೆ ಗೇಟು ಗ್ರಿಲ್ಲುಗಳ ಆರ್ಕ್ ವೆಲ್ಡಿಂಗ್ ಮಾಡಿದರೆ ಬೆಸುಗೆಯ ಪಕ್ಕದ ಲೋಹ ಸುಟ್ಟು ದುರ್ಬಲವಾಗುತ್ತದೆ. ಮುರಿಯುವುದು ಬೆಸುಗೆಯಲ್ಲ, ಅದರ ಪಕ್ಕದಲ್ಲಿ. ಫೋರ್ಕು ಮುರಿದಾಗ ಸವಾರನಿಗೆ ಯಾವ ಮುನ್ಸೂಚನೆಯೂ ದೊರೆಯುವುದಿಲ್ಲ.

ಸದಾ ಕೆಸರಿನಲ್ಲಿಯೇ ಓಡಾಡಬೇಕಾದವರಿಗೆ ಇನ್ನೊಂದು ದಾರಿಯುಂಟು. ಹಬ್ಬಿನೊಳಗೇ ಬ್ರೇಕು ಅಡಗಿರುವ ಡ್ರಮ್ ಬ್ರೇಕಿಗೆ ಮಳೆಯ ಭಯವಿಲ್ಲ, ರಿಮ್ಮೂ ಸವೆಯುವುದಿಲ್ಲ. ಹಿಂಗಾಲಿಗೆ ಹಾಕುವಾಗ ಅದರ ತಡೆತೋಳನ್ನು ಚೌಕಟ್ಟಿನ ಕೆಳಕೊಳವೆಗೆ ಪಟ್ಟಿಯಿಂದ ಬಿಗಿದರೆ ಸಾಕು, ಕೊರೆಯುವ ಬೆಸೆಯುವ ಕೆಲಸವಿಲ್ಲ. ತೂಕ ಹೆಚ್ಚು, ಉದ್ದದ ಇಳಿಜಾರಿನಲ್ಲಿ ಬಿಸಿಯೇರಿ ಹಿಡಿತ ತಗ್ಗುವ ಸ್ವಭಾವವೂ ಉಂಟು. ಹಿಂದೆ ಡ್ರಮ್, ಮುಂದೆ ಕ್ಯಾಲಿಪರ್ ಎಂಬ ಜೋಡಿ ಮಲೆನಾಡಿಗೆ ಒಪ್ಪುವಂಥದು.

ಊರು ಮಾಡಬಹುದಾದದ್ದು

ಒಂದು ಟನ್ ಉಕ್ಕು ತಯಾರಾಗುವಲ್ಲಿ ಸರಾಸರಿ ಎರಡು ಟನ್ನಿನಷ್ಟು ಇಂಗಾಲದ ಡೈ ಆಕ್ಸೈಡ್ ವಾತಾವರಣಕ್ಕೆ ಸೇರುತ್ತದೆ. ಆ ಉಕ್ಕಿನ ಅದಿರು ಯಾವ ಬೆಟ್ಟಗಳನ್ನು ಬಗೆದು ಬರುತ್ತದೆ ಎಂಬುದನ್ನು ಕುದುರೆಮುಖದ ನೆರೆಯ ಜನಕ್ಕೆ ಹೇಳಿಕೊಡಬೇಕಾಗಿಲ್ಲ. ಒಮ್ಮೆ ಭೂಮಿಯಿಂದ ತೆಗೆದ ಉಕ್ಕು ಇನ್ನೂ ಗಟ್ಟಿಯಾಗಿರುವಾಗ ಅದನ್ನು ದುಡಿಸಿಕೊಳ್ಳುವುದು ವಿವೇಕ. ಆದರೆ ಹಳೆಯದೆಂಬ ಮಮತೆಯಿಂದ ಅಪಾಯಕಾರಿ ಸೈಕಲ್ಲನ್ನು ಮಕ್ಕಳ ಕೈಗೆ ಕೊಡುವುದು ಪರಿಸರ ಪ್ರೇಮವಲ್ಲ.

2006-07ರಲ್ಲಿ ರಾಜ್ಯ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆಯನ್ನು ಆರಂಭಿಸಿದಾಗ ದೂರದ ಹಳ್ಳಿಗಳ ಹೆಣ್ಣುಮಕ್ಕಳು ಪ್ರೌಢಶಾಲೆಯ ಮೆಟ್ಟಿಲು ಹತ್ತುವುದು ಸುಲಭವಾಯಿತು. ಸೈಕಲ್ ಕೊಡುವುದಷ್ಟೇ ಅಲ್ಲ, ಅದು ಪ್ರತಿ ಮಳೆಗಾಲಕ್ಕೂ ನಿಲ್ಲಬಲ್ಲದೇ ಎಂದು ನೋಡುವುದೂ ಊರಿನ ಹೊಣೆ. ಪೇಟೆಯ ಸೈಕಲ್ ಷಾಪುಗಳು ಒಂದೊಂದಾಗಿ ಮುಚ್ಚುತ್ತಿರುವಾಗ, ಕಡ್ಡಿ ಕಟ್ಟಿ ಗಾಲಿ ನೇರಮಾಡುವ ಹಿರಿಯ ಕಸುಬುದಾರರ ಬಳಿ ಕುಳಿತು ಕೆಲವು ತರುಣರಾದರೂ ಆ ವಿದ್ಯೆಯನ್ನು ಕಲಿಯಬೇಕು. ಶಾಲೆಯಲ್ಲಿ ಒಂದು ಅಳತೆ ಪಟ್ಟಿ, ಒಂದು ಎಲೆನ್ ಕೀಲಿಗಳ ಕಟ್ಟು, ಒಂದು ನೋಟ್‌ಪುಸ್ತಕ ಇದ್ದರೆ ಸಾಕು: ಯಾರ ಸೈಕಲ್ಲಿನ ರಿಮ್ಮು ಎಷ್ಟು, ಕೈಯುದ್ದ ಎಷ್ಟು, ರಬ್ಬರು ಬದಲಿಸಿದ್ದು ಯಾವಾಗ ಎಂಬ ದಾಖಲೆ ತಾನೇ ಬೆಳೆಯುತ್ತದೆ.

ಜೂನ್ ತಿಂಗಳಲ್ಲಿ ಶಾಲೆ ತೆರೆಯುವುದೂ ಮುಂಗಾರು ಇಳಿಯುವುದೂ ಒಟ್ಟಿಗೆ. ಮೇ ತಿಂಗಳು ಮುಗಿಯುವುದರೊಳಗೆ ಊರಿನ ಪ್ರತಿಯೊಂದು ಸೈಕಲ್ಲಿನ ಗಾಲಿಗೆ ಒಂದು ಚೊಂಬು ನೀರು ಸುರಿದು, ಸಣ್ಣ ಇಳಿಜಾರಿನಲ್ಲಿ ಒಮ್ಮೆ ಬ್ರೇಕು ಹಿಡಿದು ನೋಡುವ ಕೆಲಸ ಆಗಲಿ. ನಿಲ್ಲದ ಸೈಕಲ್ಲುಗಳ ಪಟ್ಟಿ ಅಂದೇ ಸಿದ್ಧವಾಗುತ್ತದೆ, ಮುಂದಿನ ಕೆಲಸವೂ ಅಲ್ಲಿಂದಲೇ ಮೊದಲಾಗುತ್ತದೆ.